ವಚನಗಳ ಒಡೆತನ, ಸಂಪಾದಕರ ಹಕ್ಕು

ಹನ್ನೆರಡನೆಯ ಶತಮಾನದ ಶರಣರ ವಚನಗಳಿಗೆ ಇಂದು ಒಡೆಯರು ಯಾರು? ಕಾಯಕದ ಫಲವನ್ನು ದಾಸೋಹಕ್ಕೆ ಸಲ್ಲಿಸಿದವರ ನುಡಿಯ ವಿಷಯದಲ್ಲಿ ಈ ಪ್ರಶ್ನೆಯೇ ವಿಚಿತ್ರವೆನಿಸಬಹುದು. ಆದರೂ ಎಷ್ಟೋ ವಚನಸಂಕಲನಗಳ ಒಳಪುಟದಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂಬ ಸಾಲು ಕಾಣುತ್ತದೆ. ಅದರ ವ್ಯಾಪ್ತಿಯನ್ನು ವಿವೇಚಿಸುವುದು ಅಗತ್ಯ.

1957ರ ಕೃತಿಸ್ವಾಮ್ಯ ಅಧಿನಿಯಮದಂತೆ, ಲೇಖಕನು ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವನು ಕಾಲವಾದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು 1994ರಲ್ಲಿ ನಿಧನರಾದರು; ಅಂಥ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇದೆ. ವಚನಪಿತಾಮಹ ಫ. ಗು. ಹಳಕಟ್ಟಿಯವರು ಲಿಂಗೈಕ್ಯರಾದದ್ದು 1964ರಲ್ಲಿ. ಆದ್ದರಿಂದ 2025ರ ಜನವರಿ 1ರಿಂದ, 1923ರ ‘ವಚನಶಾಸ್ತ್ರಸಾರ’ ಮೊದಲಾಗಿ ಅವರ ಜೀವಿತಕಾಲದ ಪ್ರಕಟಣೆಗಳು ಎಲ್ಲರ ಸೊತ್ತಾಗಿವೆ.

ಮೂಲವಚನಕ್ಕಂತೂ ಎಂದೂ ಇಂಥ ಹಕ್ಕು ಇರಲಿಲ್ಲ. ಸಂಪಾದಕನ ಪೀಠಿಕೆ, ಟಿಪ್ಪಣಿ, ಅರ್ಥವಿವರಣೆಗಳ ಮಾತು ಬೇರೆ. ತೀರ್ಪುಗಳ ಸಂಪಾದನೆಗೆ ಸಂಬಂಧಿಸಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಇದೇ ವಿವೇಕವನ್ನು ತೋರಿತು: ಮೂಲಪಾಠ ಸಾರ್ವಜನಿಕ, ಸಂಪಾದಕನು ಸ್ವವಿವೇಚನೆಯಿಂದ ಸೇರಿಸಿದ್ದಕ್ಕೆ ರಕ್ಷಣೆ ಉಂಟು, ಬರಿಯ ಅಚ್ಚಿನ ತಪ್ಪು ತಿದ್ದಿದ ಶ್ರಮಕ್ಕೆ ಇಲ್ಲ. ಈ ತತ್ತ್ವವನ್ನು ವಚನಗಳಿಗೆ ಅನ್ವಯಿಸಿದರೆ, ಹಕ್ಕಿನ ಸಾಲು ಪೀಠಿಕೆಗೆ ಸಲ್ಲಬಹುದೇ ಹೊರತು ಬಸವಣ್ಣನ ಮಾತಿಗೆ ಸಲ್ಲದು.

ಆದರೆ ಸರ್ವರ ಸೊತ್ತಾಯಿತೆಂದು ಸಂಪಾದಕನ ಹೆಸರನ್ನು ಅಳಿಸುವುದು ಸ್ವಾತಂತ್ರ್ಯವಲ್ಲ. ತಾಳೆಗರಿಗಳನ್ನು ಹುಡುಕಿ, ಪ್ರತಿಗಳನ್ನು ಹೋಲಿಸಿ, ಮುದ್ರಣಾಲಯವನ್ನೇ ಕಟ್ಟಿದ ಹಳಕಟ್ಟಿಯವರ ಹೆಸರಿಲ್ಲದೆ ಅವರ ಪಾಠವನ್ನು ಮರುಮುದ್ರಿಸಿದರೆ ಯಾವ ಆಧಾರದಿಂದ ಬಂದ ಪಾಠವೆಂಬುದೂ ಮರೆಯಾಗುತ್ತದೆ. ಅಂಥ ಪಾಠದಿಂದ ಶಾಸ್ತ್ರೀಯ ಅಧ್ಯಯನ ನಡೆಯದು. ಹಕ್ಕಿನ ಅವಧಿ ಮುಗಿದರೂ ಋಣದ ಅವಧಿ ಮುಗಿಯದು.

ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ನೀಡಿತು. ಮೂಲವನ್ನು ಹೆಸರಿಸಿ, ಅದೇ ನಿಯಮದಡಿ ಯಾರು ಬೇಕಾದರೂ ಬಳಸಬಹುದೆಂಬುದು ಅದರ ಸಾರ. ಪ್ರಕಾಶನದ ಖರ್ಚು ಸಣ್ಣದಲ್ಲ, ನಿಜ. ಆದರೂ ದಾನಿಗಳ ನೆರವಿನಿಂದ ಅಚ್ಚಾಗುವ ವಚನಗ್ರಂಥಗಳಿಗಾದರೂ ಈ ಕ್ರಮ ಒಪ್ಪುತ್ತದೆ. ಆಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ವಿದ್ಯಾರ್ಥಿ ಪುಸ್ತಕದಂಗಡಿಯ ದಾರಿ ಕಾಯಬೇಕಿಲ್ಲ. ಒಳಪುಟದಲ್ಲಿ ಎರಡು ಸಾಲು ಸಾಕು: ಯಾವುದು ಶರಣರದು, ಯಾವುದು ಸಂಪಾದಕರದು, ಅದನ್ನು ಹೇಗೆ ಬಳಸಬಹುದು. ಅಷ್ಟು ಬರೆದರೆ ಭಕ್ತನ ಪಾರಾಯಣಕ್ಕೂ ವಿದ್ವಾಂಸನ ಶೋಧನೆಗೂ ಅಡ್ಡಿಯಿರದು.