ಎಲೆಯ ತುದಿಯ ಉಪ್ಪು

ನಮ್ಮ ಕಾವ್ಯಮೀಮಾಂಸೆ ತನ್ನ ಮುಖ್ಯವಾದ ಮಾತುಗಳನ್ನೆಲ್ಲ ಅಡಿಗೆಮನೆಯಿಂದಲೇ ಕಡ ತಂದಿದೆ. ರಸ, ರುಚಿ, ಪಾಕ, ಆಸ್ವಾದ, ಚರ್ವಣ, ಇವುಗಳಲ್ಲಿ ಊಟದ ನೆನಪು ತರದ ಮಾತು ಒಂದೂ ಇಲ್ಲ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂದು ತಿಳಿಸಹೊರಟ ಭರತಮುನಿಗೂ ಮೊದಲು ನೆನಪಾದದ್ದು ಊಟವೇ. ನಾನಾ ವ್ಯಂಜನಗಳಿಂದ ಹದಗೊಂಡ ಅನ್ನವನ್ನು ಒಳ್ಳೆಯ ಮನಸ್ಸಿನಿಂದ ಉಣ್ಣುವವರು ಹೇಗೆ ಅದರ ಸವಿಯನ್ನು ಪಡೆದು ಹರ್ಷಗೊಳ್ಳುವರೋ, ನಾಟಕ ನೋಡುವವರೂ ಹಾಗೆ ಎಂಬುದು ಅವನ ಹೋಲಿಕೆ. ಅಡಿಗೆಯ ಹದವನ್ನು ಕುರಿತ ಭಾಗವನ್ನು ನಾವು ಚೆನ್ನಾಗಿ ಬೆಳೆಸಿದೆವು. ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂದು ಹೆಸರಿಟ್ಟು ವಿಂಗಡಿಸಿದೆವು. ಆದರೆ ಉಣ್ಣುವವನ ‘ಒಳ್ಳೆಯ ಮನಸ್ಸು’ ಎಂದರೇನು, ಅವನು ಎಲೆಯ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅಷ್ಟಾಗಿ ವಿಚಾರಿಸಲಿಲ್ಲ. ವಿಮರ್ಶೆಯ ಹೆಸರಿನಲ್ಲಿ ಇಂದು ನಡೆಯುವ ಎಷ್ಟೋ ಜಗಳಗಳು ಊಟದ ಮರ್ಯಾದೆ ತಿಳಿಯದವರ ಜಗಳಗಳು ಎಂದು ನನ್ನ ಅಭಿಪ್ರಾಯ. ಆ ಮರ್ಯಾದೆಯನ್ನು ಕಲಿಸುವ ಶಾಸ್ತ್ರ ನಮ್ಮ ಜಿಲ್ಲೆಯಲ್ಲಿ ಗ್ರಂಥಗಳಲ್ಲಿಲ್ಲ, ಬಾಳೆಯೆಲೆಯ ಮೇಲೆ ಉಂಟು.

ಬಂಟ್ವಾಳದ ಕಡೆಯ ಯಾವ ಮದುವೆಯ ಮನೆಗಾದರೂ ಹೋಗಿ ಪಂಕ್ತಿಯಲ್ಲಿ ಕುಳಿತು ನೋಡಿ. ಎಲೆ ಹಾಕಿ ನೀರು ಚಿಮುಕಿಸಿದ ಮೇಲೆ ಎಲೆಯ ಎಡದ ತುದಿಗೆ ಬೀಳುವುದು ಚಿಟಿಕೆ ಉಪ್ಪು. ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಅನ್ನ, ಸಾರು ಎಲ್ಲವೂ ಆಮೇಲೆ. ಬಡಿಸಿದ ಪದಾರ್ಥಗಳೆಲ್ಲದರಲ್ಲಿಯೂ ಉಪ್ಪು ಇದ್ದೇ ಇರುವಾಗ ಇದೊಂದು ಬೇರೆ ಏಕೆ? ಅಡಿಗೆಯವರಿಗೆ ತಮ್ಮ ಕೈಮೇಲೆ ನಂಬಿಕೆಯಿಲ್ಲವೇ?

ಕಾರಣ ಅಡಿಗೆಯ ಕಟ್ಟಳೆಯಲ್ಲಿಯೇ ಇದೆ. ನೈವೇದ್ಯಕ್ಕಾಗಲಿ, ಹಳೆಯ ಕ್ರಮದ ಸಮಾರಾಧನೆಗಾಗಲಿ ಬೇಯಿಸಿದ ಪದಾರ್ಥವನ್ನು ಅಡಿಗೆಯವರು ಬಾಯಿಗೆ ಹಾಕಿ ನೋಡುವಂತಿಲ್ಲ. ನೋಡಿದರೆ ಪಾತ್ರೆಯೆಲ್ಲ ಎಂಜಲು. ನುರಿತ ಅಡಿಗೆ ಭಟ್ಟರು ಕುದಿಯುವ ಹುಳಿಯ ಹಬೆಯಿಂದ, ಬಣ್ಣದಿಂದ, ಕೈಯಳತೆಯಿಂದ ಉಪ್ಪನ್ನು ಅಂದಾಜು ಮಾಡುತ್ತಾರೆ. ಅಂದಾಜು ಎಷ್ಟೇ ಸರಿಯಾದರೂ ಅಂದಾಜೇ. ಇತ್ತ ಉಣ್ಣುವವನಿಗೂ ಒಂದು ಕಟ್ಟು ಉಂಟು. ಕೈ ಅನ್ನಕ್ಕೆ ತಾಗಿದ ಮೇಲೆ ಅವನು ಪಾತ್ರೆಯನ್ನು ಮುಟ್ಟುವಂತಿಲ್ಲ. ಬಡಿಸುವವನ ಸೌಟು ಅವನ ಎಲೆಗೆ ತಾಗುವಂತಿಲ್ಲ. ಮಾಡಿದವನು ರುಚಿ ನೋಡುವಂತಿಲ್ಲ, ರುಚಿ ನೋಡಿದವನು ತಿದ್ದುವಂತಿಲ್ಲ. ಇವರಿಬ್ಬರ ನಡುವಣ ತೊಡಕನ್ನು ಆ ಚಿಟಿಕೆ ಉಪ್ಪು ಬಿಡಿಸುತ್ತದೆ. ಪಾತ್ರೆಯ ಉಪ್ಪು ಮಾಡಿದವರದು, ಎಲೆಯ ಉಪ್ಪು ಉಣ್ಣುವವನದು. ಕಡಮೆ ಎನಿಸಿದರೆ ಬೆರಳ ತುದಿಯಿಂದ ಬೇಕಾದಷ್ಟು ಕಲಸಿಕೊಂಡು ಸುಮ್ಮನೆ ಉಣ್ಣಬಹುದು. ಅದು ಯಾರಿಗೂ ಅವಮಾನವಲ್ಲ; ಪಕ್ಕದ ಎಲೆಯವನಿಗೆ ಗೊತ್ತೂ ಆಗುವುದಿಲ್ಲ.

ಅಮೆರಿಕದ ದೊಡ್ಡ ಉದ್ಯಮಿಗಳ ಹೆಸರಿಗೆ ಅಂಟಿಸಿ ಹೇಳುವ ಕಟ್ಟುಕಥೆಯೊಂದಿದೆ. ಕೆಲಸ ಕೇಳಿ ಬಂದವನನ್ನು ಧಣಿ ಊಟಕ್ಕೆ ಕರೆಯುತ್ತಾನಂತೆ. ಬಂದವನು ಸೂಪಿನ ರುಚಿ ನೋಡುವುದಕ್ಕೆ ಮೊದಲೇ ಉಪ್ಪು ಉದುರಿಸಿಕೊಂಡರೆ ಅವನಿಗೆ ಕೆಲಸವಿಲ್ಲ. ನೋಡದೆ ತೀರ್ಮಾನಿಸುವವನು ಎಂದು ಅರ್ಥ. ಕಥೆ ಕಟ್ಟಿದ್ದಾದರೂ ಅದರೊಳಗಿನ ತಿಳಿವಳಿಕೆ ಸುಳ್ಳಲ್ಲ. ಪಶ್ಚಿಮದ ಕೆಲವು ಹೆಸರಾಂತ ಬಾಣಸಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೇಜಿನ ಮೇಲೆ ಉಪ್ಪಿನ ಕುಡಿಕೆಯನ್ನೇ ಇಡುವುದಿಲ್ಲ. ತಾವು ಹಾಕಿದ್ದೇ ಹದ ಎಂಬುದು ಅವರ ನಿಲುವು. ಇದನ್ನು ನಾನು ಒಪ್ಪಲಾರೆ. ಮಾಡುವವನ ಜಾಣ್ಮೆ ಎಷ್ಟು ದೊಡ್ಡದಾದರೂ ಉಣ್ಣುವವನ ನಾಲಿಗೆ ಉಣ್ಣುವವನದೇ. ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವ ಈ ಕಾಲದಲ್ಲಿ, ರಕ್ತದೊತ್ತಡದವರೊಬ್ಬರಿರುವ ಮನೆಯಲ್ಲಿ ಪಾತ್ರೆಗೆ ಉಪ್ಪನ್ನು ಕಡಮೆ ಹಾಕಿ ಉಳಿದವರ ಎಲೆಯ ತುದಿಗೆ ಒಂದಿಷ್ಟು ಇಡುವ ಹಳೆಯ ಕ್ರಮಕ್ಕೆ ಹೊಸದೊಂದು ಸಮರ್ಥನೆಯೂ ದೊರಕಿದೆ.

ಇಷ್ಟು ಒಳ್ಳೆಯ ಏರ್ಪಾಡು ಇದ್ದೂ ಜನ ಕೂಗುತ್ತಾರೆ. ಬೆಳ್ತಂಗಡಿ ತಾಲೂಕಿನ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಹೊಸದಾಗಿ ಬಂದ ಸೊಸೆಯ ಅಡಿಗೆ; ಮನೆ ತುಂಬ ನೆಂಟರು. ಸಾರಿಗೆ ಕೈಯಿಟ್ಟ ಒಬ್ಬ ಮಹನೀಯರು ಪಂಕ್ತಿಗೆಲ್ಲ ಕೇಳುವಂತೆ, “ಇದಕ್ಕೆ ಉಪ್ಪು ಹಾಕುವ ಕ್ರಮ ಇಲ್ಲವೋ?” ಎಂದರು. ಒಳಗೆ ಪಾತ್ರೆಯ ಸದ್ದು ನಿಂತಿತು. ಮನೆಯ ಅಜ್ಜ ತಲೆಯೆತ್ತದೆ, “ನಿಮ್ಮ ಎಲೆಯಲ್ಲಿಯೇ ಉಂಟಲ್ಲ ಮಾರಾಯ್ರೆ” ಎಂದು ಅನ್ನ ಕಲಸುವುದನ್ನು ಮುಂದುವರಿಸಿದರು. ಅಷ್ಟೇ. ಆ ಮಾತಿನಲ್ಲಿ ಸೊಸೆಯ ಹೊಗಳಿಕೆಯಿಲ್ಲ, ಸಾರು ಸರಿಯಾಗಿದೆ ಎಂಬ ಸುಳ್ಳೂ ಇಲ್ಲ. ಇನ್ನೊಬ್ಬರ ಅಡಿಗೆಯ ಕೊರತೆಯನ್ನು ತುಂಬಿಕೊಳ್ಳುವ ಸಾಧನ ನಿನ್ನ ಕೈಯಳವಿನಲ್ಲಿಯೇ ಇರುವಾಗ ಅದನ್ನು ಸಭೆಯ ದೂರಾಗಿ ಮಾಡಬೇಡ ಎಂಬ ಎಚ್ಚರಿಕೆ ಮಾತ್ರ ಇದೆ. ನಮ್ಮ ಮನೆಗಳಲ್ಲಿ ಅಡಿಗೆ ಮಾಡಿದಾಕೆ ಎಲ್ಲರೂ ಉಂಡೆದ್ದ ಮೇಲೆ ಕೂತಳು. ತನ್ನ ಕೈಯ ಉಪ್ಪು ಹೆಚ್ಚೋ ಕಡಮೆಯೋ ಎಂದು ತನ್ನ ನಾಲಿಗೆಯಿಂದ ತಿಳಿಯುವ ಹೊತ್ತಿಗೆ ತೀರ್ಪು ಹೊರಬಿದ್ದಾಗಿತ್ತು. ಆರೋಪಿಯ ಮಾತನ್ನು ಕೇಳದೆ ಕೊಟ್ಟ ತೀರ್ಪು ಅದು. ಉಪ್ಪಿನ ಒಂದು ಕೂಗಿನಿಂದ ಒಂದು ಹೆಣ್ಣಿನ ಹೆಸರು ನೆಂಟರಿಷ್ಟರಲ್ಲಿ ವರ್ಷಗಟ್ಟಲೆ ಕೆಡುತ್ತಿದ್ದುದನ್ನು ನೆನೆದರೆ ಎಲೆಯ ತುದಿಯ ಚಿಟಿಕೆ ಚಿಕ್ಕದಾಗಿ ಕಾಣುವುದಿಲ್ಲ.

ಹೋಟ್ಲಿನ ಮಾತು ಬೇರೆ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಕನ್ನಡದ ಮೊದಮೊದಲ ಸಣ್ಣಕತೆಗಳನ್ನು ಬರೆದವರಲ್ಲಿ ಒಬ್ಬರು. ಅವರ ಒಂದು ಕತೆಯ ಹೆಸರಿನಲ್ಲಿಯೇ ‘ಹೋಟ್ಲು’ ಬಂದಿದೆ. ಊಟ ಮಾರಾಟದ ವಸ್ತುವಾದದ್ದು ಆ ಕಾಲದವರ ಬಾಳಿನಲ್ಲಿ ಕತೆಗೆ ಒದಗುವಷ್ಟು ಹೊಸ ಸಂಗತಿ. ಹಣ ಕೊಟ್ಟವನಿಗೆ ದೂರುವ ಹಕ್ಕುಂಟು, ತಟ್ಟೆಯನ್ನು ಹಿಂದಕ್ಕೆ ಕಳಿಸುವ ಹಕ್ಕೂ ಉಂಟು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹೋಟ್ಲಿನ ನಾಲಿಗೆಯನ್ನು ಮನೆಯ ಎಲೆಗೆ ತಂದರೆ ಮಾತ್ರ ಕೆಡುಕು.

ಬಂಟ್ವಾಳದಿಂದ ನೇತ್ರಾವತಿಯ ಹರಿವಿಗೆ ಎದುರಾಗಿ ಹೋದರೆ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಸಿಗುತ್ತದೆ. ಅಲ್ಲಿ ದಿನವೂ ಸಾವಿರಾರು ಮಂದಿಗೆ ಅನ್ನದಾನ. ದೇವರು ಮಂಜುನಾಥ, ಪೂಜೆ ಮಾಧ್ವ ಬ್ರಾಹ್ಮಣರದು, ಹೆಗ್ಗಡೆಯವರು ಜೈನರು. ಉಣ್ಣಲು ಬರುವವರು ನಾಡಿನ ಎಲ್ಲ ಮೂಲೆಯವರು. ಬಯಲುಸೀಮೆಯವನಿಗೆ ಖಾರ ಸಾಲದು, ಕರಾವಳಿಯವನಿಗೆ ಬೆಲ್ಲ ಸಾಲದು. ಯಾರೊಬ್ಬರ ನಾಲಿಗೆಗೂ ಪೂರ್ತಿ ಒಪ್ಪದ, ಯಾರೊಬ್ಬರ ನಾಲಿಗೆಗೂ ಪೂರ್ತಿ ಒಗ್ಗದಿರದ ಒಂದು ಮಧ್ಯದ ಹದವನ್ನು ಅಂಥ ಅಡಿಗೆ ಹಿಡಿಯಬೇಕು. ಅಲ್ಲಿ ತನ್ನ ರುಚಿಯನ್ನು ಪ್ರತಿಪಾದಿಸುವವನು ಪಕ್ಕದವನ ಹಸಿವನ್ನು ಮರೆತವನು.

ಪಂಕ್ತಿಯನ್ನು ಇಷ್ಟು ಹೊಗಳಿ ಅದರ ಕಲೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಎಲ್ಲ ಎಲೆಗಳಿಗೂ ಒಂದೇ ಚಿಟಿಕೆ ಉಪ್ಪಿಟ್ಟ ನಮ್ಮ ಕರಾವಳಿ ಎಲ್ಲರ ಎಲೆಯನ್ನೂ ಒಂದೇ ಸಾಲಿನಲ್ಲಿ ಹಾಕಲಿಲ್ಲ. ಜಾತಿ ನೋಡಿ ಬೇರೆ ಕೂರಿಸಿದ ಪಂಕ್ತಿಭೇದಕ್ಕೆ ಯಾವ ಊಟದ ಮರ್ಯಾದೆಯೂ ಸಮಾಧಾನ ಹೇಳಲಾರದು. ಎಲೆಯೇ ಇಲ್ಲದವನಿಗೆ ಎಲೆಯ ತುದಿಯ ಉಪ್ಪಿನ ಸ್ವಾತಂತ್ರ್ಯವನ್ನು ಬೋಧಿಸುವುದು ಹಾಸ್ಯಾಸ್ಪದ. ಮೊದಲು ಸಾಲು ಒಂದಾಗಬೇಕು, ಆಮೇಲೆ ಸಾಲಿನ ಶಿಷ್ಟಾಚಾರ.

ಇನ್ನು ಮೂಡಬಿದಿರೆ. ಸಾವಿರ ಕಂಬದ ಬಸದಿ 1430ರಲ್ಲಿ ಎದ್ದುನಿಂತ ಈ ಊರು ಜೈನರ ಕಾಶಿ. ದಿಗಂಬರ ಮುನಿಗಳು ಆಹಾರಕ್ಕೆ ಹೊರಟಾಗ ಗೃಹಸ್ಥರು ಮನೆಯ ಮುಂದೆ ನಿಂತು ಕಾದು ಅವರನ್ನು ಬರಮಾಡಿಕೊಳ್ಳುವ ಕ್ರಮ ಇಂದಿಗೂ ಉಂಟು. ಮುನಿ ದಿನಕ್ಕೊಮ್ಮೆ ಮಾತ್ರ, ನಿಂತುಕೊಂಡು, ಬೊಗಸೆಯಲ್ಲಿಯೇ ಉಣ್ಣುತ್ತಾರೆ. ಎಲೆಯಿಲ್ಲ, ಆದ್ದರಿಂದ ಎಲೆಯ ತುದಿಯೂ ಇಲ್ಲ. ಬಾಯಿಬಿಟ್ಟು ಇದು ಬೇಕು ಎನ್ನುವುದಿಲ್ಲ. ರಸಪರಿತ್ಯಾಗವೆಂಬ ತಪಸ್ಸಿನಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿಗಳೊಡನೆ ಉಪ್ಪನ್ನೂ ಬಿಡುವುದುಂಟು. ಎಲೆಯ ತುದಿಯ ಹಕ್ಕನ್ನು ತಾನಾಗಿ ಬಿಟ್ಟುಕೊಟ್ಟವನು ಇವನು.

ಹದಿನಾರನೆಯ ಶತಮಾನದಲ್ಲಿ ಇದೇ ಮೂಡಬಿದಿರೆಯಲ್ಲಿದ್ದ ರತ್ನಾಕರವರ್ಣಿ ತನ್ನ ‘ಭರತೇಶ ವೈಭವ’ದಲ್ಲಿ ‘ಮುನಿಭುಕ್ತಿ’, ‘ರಾಜಭುಕ್ತಿ’ ಎಂಬ ಎರಡು ಸಂಧಿಗಳನ್ನು ಒಂದರ ಮುಂದೊಂದು ಇಟ್ಟಿದ್ದಾನೆ. ಚಕ್ರವರ್ತಿ ಮೊದಲು ಮುನಿಗಳಿಗೆ ಆಹಾರವಿತ್ತು ಆಮೇಲೆ ತಾನು ಉಣ್ಣುತ್ತಾನೆ. ಈ ಊಟಗಳನ್ನು ವಿದ್ಯಾರ್ಥಿಗಳು ವರ್ಣನೆಯ ಉದ್ದವೆಂದು ದಾಟಿಬಿಡುವುದನ್ನು ನೋಡಿದ್ದೇನೆ. ದಾಟಬಾರದು, ಕಾವ್ಯದ ತಿರುಳು ಅಲ್ಲಿಯೇ ಇದೆ. ಏನನ್ನೂ ಕೇಳದವನ ಊಟ, ಎಲ್ಲವೂ ಇರುವವನ ಊಟ, ಎರಡನ್ನೂ ಪಕ್ಕದಲ್ಲಿಟ್ಟು ಕವಿ ಭೋಗಕ್ಕೂ ಒಂದು ಮರ್ಯಾದೆಯಿದೆ ಎಂದು ತೋರಿಸುತ್ತಾನೆ. ಮುನಿಯ ಬೊಗಸೆಯನ್ನು ಕಂಡು ಬಂದ ಕಣ್ಣಿನಿಂದ ತನ್ನ ಎಲೆಯನ್ನು ನೋಡುವವನೇ ಅವನ ಭರತ.

ಇದೇ ರತ್ನಾಕರನು ಇನ್ನೊಬ್ಬರ ಪಾಕಕ್ಕೆ ಕೈಹಾಕಿದವನಲ್ಲವೇ ಎಂದು ಯಾರಾದರೂ ಕೇಳಿಯಾರು. ಕೇಳಲಿ. 941ರಲ್ಲಿ ಪಂಪನು ಬರೆದ ಆದಿಪುರಾಣದಲ್ಲಿ ಭರತ ಬಾಹುಬಲಿಗಳು ಹೋರಾಡುತ್ತಾರೆ, ಸೋತ ಭರತನು ಚಕ್ರವನ್ನು ಬಿಡುತ್ತಾನೆ. ರತ್ನಾಕರನಲ್ಲಿ ಆ ಯುದ್ಧಗಳೇ ನಡೆಯುವುದಿಲ್ಲ. ಅಣ್ಣನು ಮಾತಿನಿಂದಲೇ ತಮ್ಮನಿಗೆ ಗೆಲವನ್ನು ಬಿಟ್ಟುಕೊಡುತ್ತಾನೆ. ಇದು ಪಂಪನ ಪಾತ್ರೆಗೆ ಉಪ್ಪು ಸುರಿದದ್ದಲ್ಲ. ಅವನು ಬೇರೆ ಒಲೆ ಹೂಡಿ, ಸಾಂಗತ್ಯದ ಬೇರೆ ಪಾತ್ರೆಯಿಟ್ಟು, ತನ್ನ ಹೆಸರಿನಲ್ಲಿ ಬೇಯಿಸಿದನು. ಪಂಪನ ಅಡಿಗೆ ಪಂಪನ ಹದದಲ್ಲಿಯೇ ಉಳಿದಿದೆ. ಬೇಕಾದವರು ಎರಡನ್ನೂ ಉಣ್ಣಬಹುದು. ಗ್ರಂಥಸಂಪಾದಕರಿಗೂ ಇದೇ ನೀತಿ. ಓಲೆಯ ಪ್ರತಿಯಲ್ಲಿರುವ ಪಾಠ ತನಗೆ ಸಪ್ಪೆಯೆನಿಸಿತೆಂದು ಮೂಲವನ್ನೇ ತಿದ್ದಿದವನು ಪಾತ್ರೆ ಕೆಡಿಸಿದವನು. ಮೂಲವನ್ನು ಇದ್ದಂತೆ ಬಡಿಸಿ, ತನ್ನ ಊಹೆಯನ್ನೂ ಪಾಠಾಂತರವನ್ನೂ ಪುಟದ ಅಡಿಯಲ್ಲಿ ಇಟ್ಟವನು ಎಲೆಯ ತುದಿಗೆ ಉಪ್ಪಿಟ್ಟವನು.

ವಿಮರ್ಶಕನ ಕೆಲಸವೂ ಬಹುಮಟ್ಟಿಗೆ ಇಷ್ಟೇ. ಇಂದು ಪುಸ್ತಕ ಕೈಗೆ ಬರುವುದಕ್ಕೆ ಮೊದಲೇ ಕೆಲವರ ಬೆರಳಲ್ಲಿ ಉಪ್ಪು ಸಿದ್ಧವಾಗಿರುತ್ತದೆ. ಒಬ್ಬರದು ಒಂದು ಪಂಥದ ಉಪ್ಪು, ಇನ್ನೊಬ್ಬರದು ಇನ್ನೊಂದರದು. ಕಾದಂಬರಿಯಾಗಲಿ ಭಾವಗೀತೆಯಾಗಲಿ ಅದನ್ನು ಸುರಿದುಕೊಂಡು, ಬಳಿಕ ಎಲ್ಲವೂ ಒಂದೇ ರುಚಿ ಎಂದು ದೂರುತ್ತಾರೆ. ಬೇರೆ ಕೆಲವರು ಲೇಖಕನು ಮಾಡಿದ ಹುಳಿಯನ್ನು ಬಿಟ್ಟು, ಅವನು ಮಾಡದಿದ್ದ ಪಾಯಸವನ್ನು ಕುರಿತು ನಾಲ್ಕು ಅಂಕಣ ಬರೆಯುತ್ತಾರೆ. ಇದರರ್ಥ ಕೆಟ್ಟದ್ದನ್ನು ಕೆಟ್ಟದ್ದೆನ್ನಬಾರದೆಂದಲ್ಲ. ಹಳಸಿದ್ದನ್ನು ಉಣ್ಣಬೇಕೆಂದು ಯಾವ ಮರ್ಯಾದೆಯೂ ವಿಧಿಸುವುದಿಲ್ಲ. ಬೊಗಸೆಯ ಅನ್ನದಲ್ಲಿ ಕೂದಲು ಕಂಡರೆ ಮುನಿಯೂ ಊಟ ನಿಲ್ಲಿಸುತ್ತಾರೆ. ಆದರೆ ಹಳಸಿದ್ದು ಬೇರೆ, ನನ್ನ ನಾಲಿಗೆಗೆ ಸಪ್ಪೆಯಾದದ್ದು ಬೇರೆ. ಮೊದಲನೆಯದನ್ನು ಪಂಕ್ತಿಗೆಲ್ಲ ಹೇಳಬೇಕು, ಎರಡನೆಯದಕ್ಕೆ ನನ್ನ ಎಲೆಯ ಉಪ್ಪು ಸಾಕು. ಈ ಎರಡನ್ನು ಬೇರ್ಪಡಿಸಬಲ್ಲವನನ್ನೇ ಸಹೃದಯನೆಂದು ಕರೆಯಬೇಕು. ಆ ಬೇರ್ಪಾಟು ತಿಳಿಯಬೇಕಾದರೆ ಉಪ್ಪಿಗೆ ಕೈ ಹೋಗುವ ಮುನ್ನ ಒಂದು ತುತ್ತನ್ನಾದರೂ, ಮಾಡಿದವರ ಹದದಲ್ಲಿಯೇ, ಉಂಡು ನೋಡಬೇಕು.