ಬೆಟ್ಟದ ಮೇಲೊಂದು ‘ಡೌನ್’

ಊಟಿ ಬಿಟ್ಟು ಗೂಡಲೂರು ರಸ್ತೆ ಹಿಡಿದು ಸೋಲೂರಿನ ಕಡೆ ಹೊರಟರೆ ನೀಲಗಿರಿ ಮರಗಳ ತೋಪು ಮುಗಿದಲ್ಲಿ ಹುಲ್ಲುಗುಡ್ಡಗಳು ಕಾಣಿಸುತ್ತವೆ. ಮರವಿಲ್ಲದ, ಮೂಲೆಯಿಲ್ಲದ, ಒಂದರ ಬೆನ್ನಿಗೊಂದು ಆತುಕೊಂಡ ದುಂಡು ಗುಡ್ಡಗಳು. ಹಳೆಯ ಸಿನಿಮಾ ಹಾಡುಗಳಲ್ಲಿ ನಾವೆಲ್ಲ ನೋಡಿರುವಂಥವು. ಈ ಸೀಮೆಯ ಹೆಸರು ವೆನ್‌ಲಾಕ್ ಡೌನ್ಸ್. ವೆನ್‌ಲಾಕ್ ಯಾರೆಂದು ತಿಳಿಯುವುದು ಸುಲಭ. 1891ರಿಂದ 1896ರವರೆಗೆ ಮದರಾಸಿನ ಗವರ್ನರ್ ಆಗಿದ್ದವರು. ಸಮುದ್ರಮಟ್ಟದಿಂದ 2,000 ಮೀಟರಿಗೂ ಮೇಲಿರುವ ಜಾಗ ‘ಡೌನ್’ ಆದದ್ದು ಹೇಗೆ ಎಂಬುದು ಸ್ವಾರಸ್ಯದ ಸಂಗತಿ.

ಹಳೆಯ ಇಂಗ್ಲಿಷಿನಲ್ಲಿ ‘ದೂನ್’ ಎಂದರೆ ಗುಡ್ಡ. ಗುಡ್ಡ ಇಳಿದು ಬರುವುದಕ್ಕೆ ‘ಆಫ್ ದೂನೆ’ ಎನ್ನುತ್ತಿದ್ದರು, ಅಂದರೆ ಗುಡ್ಡದಿಂದ ಈಚೆಗೆ. ಬಾಯಿಂದ ಬಾಯಿಗೆ ಅದು ಸವೆದು ‘ಅದೂನೆ’ ಆಯಿತು. ಮುಂದಿನ ‘ಅ’ವೂ ಉದುರಿ ‘ಡೌನ್’ ಉಳಿಯಿತು. ಗುಡ್ಡ ಎಂಬ ಪದದಿಂದಲೇ ‘ಕೆಳಗೆ’ ಎಂಬ ಅರ್ಥ ಹುಟ್ಟಿದ್ದು ಹೀಗೆ. ಗುಡ್ಡ ಎಂಬ ಮೊದಲ ಅರ್ಥ ಸತ್ತುಹೋಗಲಿಲ್ಲ, ಊರ ಹೆಸರುಗಳಲ್ಲಿ ಅಡಗಿ ಕುಳಿತಿತು. ದಕ್ಷಿಣ ಇಂಗ್ಲೆಂಡಿನಲ್ಲಿ ಕುರಿ ಮೇಯುವ ಸುಣ್ಣಕಲ್ಲಿನ ಹುಲ್ಲುಗುಡ್ಡಗಳಿಗೆ ಇವತ್ತಿಗೂ ಸೌತ್ ಡೌನ್ಸ್ ಎಂದೇ ಹೆಸರು. ಅಲ್ಲಿಂದ ಬಂದವರ ಕಣ್ಣಿಗೆ ನೀಲಗಿರಿಯ ಹುಲ್ಲು ಊರಿನ ನೆನಪು ತಂದಿತು, ಹೆಸರೂ ಜೊತೆಗೆ ಬಂತು. ಕನ್ನಡಿಗರಿಗೆ ಈ ಬಗೆಯ ಹುಟ್ಟು ಹೊಸದೇನಲ್ಲ. ನೇಸರು ಮೂಡುವ ಕಡೆ ಮೂಡಲಾಯಿತು, ಪಡುವ ಕಡೆ ಪಡುವಲಾಯಿತು. ದಿಕ್ಕು ಹೇಳುವ ಪದಗಳು ಕಣ್ಣೆದುರಿನ ನೆಲ, ಮುಗಿಲುಗಳಿಂದಲೇ ಹುಟ್ಟುತ್ತವೆ.

ಸೋಲೂರಿನ ಮಗ್ಗುಲಲ್ಲೇ ಗ್ಲೆನ್‌ಮಾರ್ಗನ್ ಇದೆ. ‘ಗ್ಲೆನ್’ ಎಂದರೆ ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದ.

ಇವು ಹೊರಗಿನಿಂದ ಬಂದ ಪದಗಳು. ಇಲ್ಲಿಂದ ಹೋದ ಪದಗಳ ಲೆಕ್ಕ ಬೇರೆ ಇದೆ. ಹುಲ್ಲುಗುಡ್ಡದ ಮಡಿಲಲ್ಲಿ, ನೀರು ಜಿನುಗುವ ಕಡೆ, ಗಿಡ್ಡ ಮರಗಳು ಒತ್ತಾಗಿ ಬೆಳೆದ ಕಾಡಿಗೆ ‘ಶೋಲಾ’ ಎನ್ನುತ್ತಾರೆ. ತಮಿಳಿನ ‘ಸೋಲೈ’, ಅಂದರೆ ತೋಪು, ಇಂಗ್ಲಿಷರ ಬಾಯಿಗೆ ಬಿದ್ದು ಶೋಲಾ ಆಗಿ ಇಂದು ಸಸ್ಯಶಾಸ್ತ್ರದ ಮಾತಾಗಿದೆ. ನಮ್ಮ ಕುದುರೆಮುಖದ ಕಾಡನ್ನೂ ನಾವು ಈಗ ಇದೇ ಹೆಸರಿನಿಂದ ಕರೆಯುತ್ತೇವೆ. ಹಾಗಾದರೆ ಶೋಲಾ ಇರುವ ಊರೇ ಸೋಲೂರು ಎಂದುಬಿಡೋಣವೇ? ಆಸೆಯಾಗುವುದು ಸಹಜ. ಆದರೆ ಬೆಂಗಳೂರಿನಿಂದ ಕುಣಿಗಲ್ಲಿಗೆ ಹೋಗುವ ಹೆದ್ದಾರಿಯಲ್ಲಿ ಇನ್ನೊಂದು ಸೋಲೂರು ಇದೆ. ಅದು ರಾಗಿ ಹೊಲದ ನಾಡು, ಶೋಲಾ ಕಾಡಿನ ಸುಳಿವೂ ಅಲ್ಲಿಲ್ಲ. ಕಿವಿಗೆ ಹೊಂದಿದ್ದನ್ನೆಲ್ಲ ವ್ಯುತ್ಪತ್ತಿ ಎನ್ನಲು ನಾನು ಒಪ್ಪುವುದಿಲ್ಲ.

‘ಮಂಡ್’ ಎಂಬುದು ಇನ್ನೊಂದು. ಊಟಕಮಂಡ್ ಎಂಬ ಹೆಸರಿನ ಬಾಲ ಅದು. ಈ ಬೆಟ್ಟದ ಬುಡಕಟ್ಟಾದ ತೋಡರ ಬಿಡಾರವನ್ನು ಇಂಗ್ಲಿಷರು ಹಾಗೆ ಬರೆದುಕೊಂಡರು. ತೋಡರು ತಮ್ಮ ಮಾತಿನಲ್ಲಿ ಹೇಳುವುದು ‘ಮೊದ್’ ಎಂದು. ಎಮ್ಮೆಯ ಹಾಲುಮನೆಯೂ ಆ ಪದದೊಳಗೇ ಸೇರುತ್ತದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಇದರ ಬಳಗವನ್ನೆಲ್ಲ ಒಂದೆಡೆ ಕೂಡಿಸುತ್ತದೆ: ತಮಿಳಿನ ‘ಮನ್ಱು’, ನಮ್ಮ ಕುರಿಮಂದೆಯ ‘ಮಂದೆ’, ಪುತ್ತರಿ ಕೋಲಾಟ ನಡೆಯುವ ಕೊಡಗಿನ ‘ಮಂದ್’. ಜನ, ದನ ಒಂದೆಡೆ ಸೇರುವುದು ಇವೆಲ್ಲದರ ಜೀವಾಳ. ಇಂದಿನ ಸರ್ಕಾರಿ ಹೆಸರು ಉದಗಮಂಡಲಂ. ಸಂಸ್ಕೃತದ ಮಂಡಲದಡಿ ಆ ಹಟ್ಟಿಯೂ ಹಾಲುಮನೆಯೂ ಮುಚ್ಚಿಹೋಗಿವೆ ಎಂಬುದು ನನಗೆ ನೋವಿನ ಸಂಗತಿ.

ಸೋಲೂರಿನ ಬೆಟ್ಟದಂಚಿನಿಂದ ಕೆಳಗೆ ಮಸಿನಗುಡಿ, ಮುದುಮಲೈ ಕಾಡು. ಅಲ್ಲಿ ಓಡಾಡುವ, ಮೈಯೆಲ್ಲ ಕೆಂಪು, ಬಾಲದ ಪೊದೆ ಮಾತ್ರ ಕಪ್ಪಾದ, ಬೊಗಳುವ ಬದಲು ಸಿಳ್ಳೆ ಹಾಕಿ ಗುಂಪು ಕರೆಯುವ ಪ್ರಾಣಿಗೆ ನಾವು ಸೀಳುನಾಯಿ, ಕೆನ್ನಾಯಿ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ‘ಧೋಲ್’. 1895ರ ‘ಸೆಕೆಂಡ್ ಜಂಗಲ್ ಬುಕ್’ನಲ್ಲಿ ಕಿಪ್ಲಿಂಗ್ ಬಳಸಿದ ಮೇಲೆ ಮನೆಮಾತಾದ ಪದ. ಇದರ ಮೂಲ ಕನ್ನಡದ ‘ತೋಳ’ ಇರಬಹುದು ಎಂದು ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಹೇಳುತ್ತದೆ. ಓದಿದ ಕನ್ನಡಿಗನ ಎದೆ ಉಬ್ಬುತ್ತದೆ. ನನಗೆ ಮಾತ್ರ ಒಪ್ಪಿಗೆಯಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಪದ ಬರೆದ ಥಾಮಸ್ ವಿಲಿಯಮ್ಸನ್ ಅದನ್ನು ಕೇಳಿದ್ದು ರಾಮಗಢದಲ್ಲಿ, ಇಂದಿನ ಜಾರ್ಖಂಡಿನ ಕಡೆ. ಕನ್ನಡ ನಾಡಿಗೂ ಅದಕ್ಕೂ ಎಲ್ಲಿಯ ನಂಟು? ನಮ್ಮ ತಕಾರ ಅಲ್ಲಿ ಧಕಾರವಾದದ್ದು ಯಾಕೆ? ಎಲ್ಲಕ್ಕಿಂತ ಮುಖ್ಯವಾಗಿ, ತೋಳ ಬಯಲುಸೀಮೆಯ ಪ್ರಾಣಿ. ಕುರಿ ಕಾಯುವ ಯಾವ ಕನ್ನಡಿಗನೂ ಅದನ್ನು ಸೀಳುನಾಯಿ ಎಂದುಕೊಳ್ಳುವುದಿಲ್ಲ. ಪ್ರಾಣಿಗಳ ಬಗ್ಗೆ ಬರೆದ ಚಾರ್ಲ್ಸ್ ಹ್ಯಾಮಿಲ್ಟನ್ ಸ್ಮಿತ್ ‘ಧೋಲ್’ ಪದವನ್ನು ಹುಚ್ಚು ಎಂಬರ್ಥದ ತುರ್ಕಿ ಪದ ‘ದೆಲಿ’ಗೆ ಗಂಟು ಹಾಕಿದ್ದರು, ಅದು ಇನ್ನೂ ದುರ್ಬಲ. ಆ ಪ್ರಾಣಿ ಇರುವ ಕಡೆಯ ಜನರೇ ಆ ಹೆಸರು ಬಳಸುವುದಿಲ್ಲ ಎಂದು ಪ್ರಾಣಿಶಾಸ್ತ್ರಜ್ಞ ಲಿಡೆಕ್ಕರ್ ಆಮೇಲೆ ಬರೆದರು. ಅಭಿಮಾನಕ್ಕಾಗಿ ಪದವನ್ನು ನಮ್ಮ ಖಾತೆಗೆ ಬರೆದುಕೊಳ್ಳುವುದು ಬೇಡ.

ಹಾಗೆಯೇ, ನಮ್ಮದೆಂದುಕೊಂಡದ್ದು ಅವರದಾಗಿರುವುದೂ ಉಂಟು. ಟಿಫಿನ್ ಅಂಥದ್ದು. ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು, ಕುಡಿಯುವುದು ‘ಟಿಫಿಂಗ್’ ಎಂದು ಫ್ರಾನ್ಸಿಸ್ ಗ್ರೋಸ್ 1785ರ ತಮ್ಮ ಆಡುಮಾತಿನ ನಿಘಂಟಿನಲ್ಲಿ ಬರೆದಿದ್ದಾರೆ. ಇಂಗ್ಲೆಂಡಿನಲ್ಲಿ ಮಂಕಾದ ಪದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನ ಬೋರ್ಡಿನ ಮೇಲೆ ಬಿಸಿಬಿಸಿಯಾಗಿದೆ.

ಇಂಥ ಪದಗಳ ದೊಡ್ಡ ಕಣಜ ‘ಹಾಬ್ಸನ್-ಜಾಬ್ಸನ್’, 1886ರಲ್ಲಿ ಬಂದ ಕೋಶ. ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಎ.ಸಿ. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು, ತುಳುವರ ಭೂತಾರಾಧನೆಯ ಬಗ್ಗೆ ಬರೆದವರು. ಪುಸ್ತಕ ಹೊರಬರುವ ನಾಲ್ಕು ವರ್ಷ ಮೊದಲೇ, 1882ರಲ್ಲಿ, ತೀರಿಕೊಂಡರು. ಕೆಲಸ ಮುಗಿಸಿದವರು ಹೆನ್ರಿ ಯೂಲ್. ಅದರಲ್ಲಿ ಶೋಲಾ ಇದೆ, ಟಿಫಿನ್ ಇದೆ, ‘ಬಡೆಗ’ ಎಂದೊಂದು ನಮೂದೂ ಇದೆ. ಬಡಗು ದಿಕ್ಕಿನಿಂದ, ಮೈಸೂರು ಸೀಮೆಯಿಂದ, ಬೆಟ್ಟ ಹತ್ತಿದವರು ಬಡಗರು. ಅವರ ನುಡಿ ಹಳೆಯ ಕನ್ನಡದ ಒಂದು ಬಗೆ ಎಂದು ಕೋಶ ಹೇಳುತ್ತದೆ. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ತಿಯಾನ್ ಪಿಲೋ-ರೈಚೂರ್ 1992ರಲ್ಲಿ ಬಡಗ-ಇಂಗ್ಲಿಷ್ ನಿಘಂಟು ತಂದರು. ಬಡಗ-ಕನ್ನಡ ನಿಘಂಟೊಂದು ಪ್ರತಿ ಕನ್ನಡ ಗ್ರಂಥಾಲಯದ ಕಪಾಟಿನಲ್ಲಿ ಇರಬೇಕು ಎಂಬುದು ನನ್ನ ಹಂಬಲ.

ಸೋಲೂರು, ಊಟಿ, ಕೋಟಗಿರಿ ಕಡೆಯ ಬಡಗ ಓದುಗರಲ್ಲಿ ಒಂದು ಕೋರಿಕೆ. ಹುಲ್ಲುಗುಡ್ಡಕ್ಕೆ, ಶೋಲಾ ಕಾಡಿಗೆ, ಸೀಳುನಾಯಿಗೆ ನಿಮ್ಮ ಹಟ್ಟಿಯ ಹಿರಿಯರು ಏನೆನ್ನುತ್ತಾರೆ, ಕನ್ನಡ ಲಿಪಿಯಲ್ಲಿ ಬರೆದು ಕಳುಹಿಸಿ. ಉಚ್ಚಾರ ಅವರ ಬಾಯಲ್ಲಿದ್ದಂತೆಯೇ ಇರಲಿ, ತಿದ್ದಬೇಡಿ. ಹಟ್ಟಿಯ ಹೆಸರು ಜೊತೆಗಿರಲಿ.