ಹುಡುಗ ಯಾರ ಪೈಕಿ?

ಕಾಲೇಜಿನಲ್ಲಿ ನನಗೆ ದೇವರಿಲ್ಲ ಎಂದು ಕಲಿಸಿದ ಮೇಷ್ಟ್ರೊಬ್ಬರು ಕಳೆದ ವರ್ಷ ಮಗಳ ಮದುವೆಗೆ ಕರೆದರು. ಲಗ್ನಪತ್ರಿಕೆಯ ಮೇಲೆ ಗಣಪತಿ ಇರಲಿಲ್ಲ. ಮುಹೂರ್ತ ಇರಲಿಲ್ಲ, ಬರೀ ಗಂಟೆ ಇತ್ತು. ಪುರೋಹಿತರಿಲ್ಲ, ಮಂತ್ರವಿಲ್ಲ, ಹಾರ ಬದಲಾಯಿಸಿಕೊಂಡ ಮೇಲೆ ಊಟ ಎಂದು ಅಚ್ಚು ಹಾಕಿಸಿದ್ದರು. ನನಗೆ ಎಲ್ಲಿಲ್ಲದ ಹೆಮ್ಮೆ. ಊರಿಗೆ ಹೋದಾಗ ಅದನ್ನು ಅವ್ವನಿಗೆ ತೋರಿಸಿದೆ. ಅವ್ವನಿಗೆ ಓದಲು ಬಾರದು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

'ಸಾಮಿ ಪಟಾನೇ ಇಲ್ವಲ್ಲ ಮಗ?'

'ಇಲ್ಲ ಕಣವ್ವ. ಅವರು ದೇವರನ್ನ ನಂಬಲ್ಲ.'

'ಒಳ್ಳೇದಾಯ್ತು ಬುಡು. ಹುಡುಗ ಯಾರ ಪೈಕಿ?'

'ಅವರ ಪೈಕಿನೇ.'

ಅವ್ವ ಪತ್ರಿಕೆಯನ್ನು ನನ್ನ ಕೈಗೆ ವಾಪಸು ಕೊಟ್ಟಳು. 'ಹಂಗಾರೆ ದ್ಯಾವ್ರು ಇನ್ನೂ ಅಲ್ಲೇ ಅವ್ನೆ' ಅಂದು ಒಲೆಯ ಕಡೆ ಹೋದಳು.

ನಾಸ್ತಿಕತೆಯೂ ಒಂದು ಮತವೇ ಅಲ್ಲವೇ ಎಂಬ ಪ್ರಶ್ನೆ ನಮ್ಮ ವಿಚಾರ ಸಂಕಿರಣಗಳಲ್ಲಿ ಆಗಾಗ ಏಳುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಯಾರೋ ಒಬ್ಬರು ನಸುನಗುತ್ತಾ ಕೇಳುತ್ತಾರೆ: ನಿಮಗೂ ಗುರುಗಳಿದ್ದಾರೆ, ಗ್ರಂಥಗಳಿವೆ, ಮೆರವಣಿಗೆಯಿದೆ, ನಮಗೂ ನಿಮಗೂ ಏನು ವ್ಯತ್ಯಾಸ? ವೇದಿಕೆಯ ಮೇಲಿದ್ದವರು ಸಿಟ್ಟಾಗಿ, ನಂಬದೇ ಇರುವುದು ನಂಬಿಕೆ ಹೇಗಾದೀತು ಎಂದು ತರ್ಕ ಹೂಡುತ್ತಾರೆ. ಚಪ್ಪಾಳೆ ಬೀಳುತ್ತದೆ. ಆದರೆ ಈ ಜಗಳದಲ್ಲಿ ಅವ್ವನ ಪ್ರಶ್ನೆಗೆ ಜಾಗವೇ ಇಲ್ಲ. ಕೇಳಿದವರಿಗೂ ಉತ್ತರ ಹೇಳಿದವರಿಗೂ ಧರ್ಮವೆಂದರೆ ಆಕಾಶದ ವಿಷಯ. ನಮಗೆ ಅದು ಯಾವತ್ತೂ ನೆಲದ ವಿಷಯ. ಯಾರು ಎಲ್ಲಿ ಕೂರಬೇಕು, ಯಾವ ಬಾವಿಯಲ್ಲಿ ಯಾರು ಸೇದಬೇಕು, ಸತ್ತ ದನವನ್ನು ಯಾರು ಎಳೆಯಬೇಕು, ಯಾರ ಮಗಳು ಯಾರ ಮನೆ ಸೇರಬೇಕು, ಇದನ್ನೆಲ್ಲ ಗೊತ್ತು ಮಾಡುವುದೇ ಈ ದೇಶದ ಸಾರ್ವಜನಿಕ ಬದುಕಿನಲ್ಲಿ ಧರ್ಮ ಮಾಡಿಕೊಂಡು ಬಂದಿರುವ ಕೆಲಸ. ನಾಸ್ತಿಕತೆ ಮತವೋ ಅಲ್ಲವೋ ಎಂಬುದನ್ನೂ ಈ ನೆಲದ ಮೇಲೇ ಇಟ್ಟು ತೂಗಬೇಕು.

ಮೊದಲು ಹೊರರೂಪ. ಹೋಲಿಕೆ ಇದೆ, ಒಪ್ಪಿಕೊಳ್ಳೋಣ. ತಮಿಳುನಾಡಿನಲ್ಲಿ ಪೆರಿಯಾರರ ಎಷ್ಟೋ ಪ್ರತಿಮೆಗಳ ಪೀಠದ ಮೇಲೆ ದೇವರಿಲ್ಲ ಎಂಬ ಮಾತು ಕೆತ್ತಿದೆ. ಅವರು ಹುಟ್ಟಿದ ಸೆಪ್ಟೆಂಬರ್ 17ನ್ನು ಅಲ್ಲಿನ ಸರ್ಕಾರ 2021ರಲ್ಲಿ ಸಾಮಾಜಿಕ ನ್ಯಾಯದ ದಿನವೆಂದು ಘೋಷಿಸಿ, ಪ್ರತಿಜ್ಞೆ ಸ್ವೀಕಾರವನ್ನೂ ಇಟ್ಟಿತು. ನಮ್ಮಲ್ಲಿ ಅಂಬೇಡ್ಕರ್ ಪರಿನಿಬ್ಬಾಣದ ದಿನವಾದ ಡಿಸೆಂಬರ್ 6ರಂದು ಸತೀಶ ಜಾರಕಿಹೊಳಿಯವರೂ ಅವರ ಸಂಗಡಿಗರೂ ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಸೇರಿ, ಅಲ್ಲೇ ಉಂಡು ರಾತ್ರಿ ಕಳೆದಿದ್ದಾರೆ. ನಮ್ಮ ಸಭೆಗಳೂ ಅಷ್ಟೇ. ದೀಪ ಹಚ್ಚುವ ಬದಲು ತಮಟೆ ಬಾರಿಸುತ್ತೇವೆ. ಪ್ರಾರ್ಥನೆಯ ಬದಲು ಕ್ರಾಂತಿಗೀತೆ ಹಾಡುತ್ತೇವೆ. ಪಟಗಳಿಗೆ ಹಾರ ಹಾಕುತ್ತೇವೆ.

ಇದರಲ್ಲಿ ತಪ್ಪೇನಿದೆ? ಜನ ಸೇರಬೇಕಾದರೆ ಒಂದು ದಿನ ಬೇಕು, ಒಂದು ಹಾಡು ಬೇಕು. ಗುಂಡಿ ತೋಡುವ ಕೆಲಸವನ್ನು ತಲೆತಲಾಂತರದಿಂದ ನಮ್ಮವರ ಹೆಗಲಿಗೇ ಕಟ್ಟಿದ ನಾಡಿನಲ್ಲಿ ಎಲ್ಲರೂ ಸ್ಮಶಾನದಲ್ಲಿ ಕೂತು ಉಂಡರೆ ಅದಕ್ಕೆ ಅರ್ಥವಿದೆ. ಅಪಾಯ ಇರುವುದು ಬೇರೆ ಕಡೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ ಬಾಬಾಸಾಹೇಬರು, ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾದರೂ ಆಗಬಹುದು, ರಾಜಕಾರಣದಲ್ಲಿ ಮಾತ್ರ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ಒಯ್ಯುವ ದಾರಿ ಎಂದು ಎಚ್ಚರಿಸಿದರು. ಆ ಎಚ್ಚರ ಅವರ ಪಟಕ್ಕೆ ಹಾರ ಹಾಕುವ ನಮಗೂ ಸೇರಿಯೇ ಹೇಳಿದ್ದು. ಹಾರ ಹಾಕುವುದು ಭಕ್ತಿಯಲ್ಲ. ಹಾರ ಹಾಕಿದ ಮೇಲೆ ಪ್ರಶ್ನೆ ಕೇಳಬಾರದು ಅನ್ನುವುದು ಭಕ್ತಿ.

ಪ್ರಶ್ನೆಗೆ ತಲೆಯೊಡ್ಡುವ ವಿಚಾರವಾದ ಹೇಗಿರುತ್ತದೆ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಗೌರಿಬಿದನೂರು ಕಡೆಯ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದು ಓದಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು ಕರೆದರು. ಅವರು ಪರೀಕ್ಷೆಗೆ ಒಪ್ಪಲಿಲ್ಲ. ಒಪ್ಪಿ ಬಂದು ಗೆದ್ದಿದ್ದರೆ ಸಮಿತಿಯೇ ಸೋಲಬೇಕಾಗಿತ್ತು. ತಾನು ಸೋಲಬಹುದಾದ ಪರೀಕ್ಷೆಯನ್ನು ತಾನೇ ಏರ್ಪಡಿಸುವುದು ಮಠಗಳ ಸ್ವಭಾವವಲ್ಲ. ಆದ್ದರಿಂದ ಹಿಂದಿನ ಸಾಲಿನವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ: ಪರೀಕ್ಷೆಗೆ ಬಾಗಿಲು ತೆರೆದಿಟ್ಟಷ್ಟು ದಿನ ವಿಚಾರವಾದ ಮತವಲ್ಲ. ದಾಭೋಲ್ಕರರನ್ನು 2013ರಲ್ಲಿ, ಪಾನ್ಸರೆ, ಕಲಬುರ್ಗಿಯವರನ್ನು 2015ರಲ್ಲಿ, ಗೌರಿ ಲಂಕೇಶರನ್ನು 2017ರಲ್ಲಿ ಗುಂಡಿಟ್ಟು ಕೊಂದ ಮೇಲೆ 'ನೀವೂ ಒಂದು ಮತವೇ' ಎಂದು ನಗುವವರಿಗೆ ಇಷ್ಟಾದರೂ ಹೇಳಲೇಬೇಕು: ಪ್ರಶ್ನೆ ಕೇಳಿದವರ ಕೈಯಲ್ಲಿ ಇದ್ದದ್ದು ಪೆನ್ನು.

ಉಳಿದ ಅರ್ಧ ನಮ್ಮ ಪಾಲಿನದು. ಅದು ಕಹಿ.

ಪುರೋಹಿತನಿಲ್ಲದ ಸ್ವಾಭಿಮಾನ ಮದುವೆಗೆ ತಮಿಳುನಾಡು 1967ರಲ್ಲಿ ಕಾನೂನು ಮಾಡಿತು. ಮಾಡಿದ್ದು ಪೆರಿಯಾರರ ಗರಡಿಯಲ್ಲಿ ಪಳಗಿದ ಅಣ್ಣಾದುರೈಯವರ ಸರ್ಕಾರ. ಅದು ಸಣ್ಣ ಕೆಲಸವಲ್ಲ. ಸಾವಿರಾರು ವರ್ಷ ಮಂತ್ರದ ಬಾಯಿಗೆ ಕೈಯೊಡ್ಡಿ ನಿಂತವರು ತಮ್ಮ ಮದುವೆಯನ್ನು ತಾವೇ ಮಾಡಿಕೊಳ್ಳುವಂತಾಯಿತು. ಮರುವರ್ಷ, 1968ರ ಡಿಸೆಂಬರ್ 25ರ ರಾತ್ರಿ, ಅದೇ ಸರ್ಕಾರ ಇರುವಾಗಲೇ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ, ಕೂಲಿ ಹೆಚ್ಚಿಗೆ ಕೇಳಿದ ದಲಿತರನ್ನು ಭೂಮಾಲೀಕರ ಕಡೆಯವರು ಗುಡಿಸಲಿನೊಳಗೆ ಸುಟ್ಟರು. ಸತ್ತವರು 44 ಜನ. ಹೆಚ್ಚಿನವರು ಹೆಂಗಸರು, ಮಕ್ಕಳು. ನಾಸ್ತಿಕರು ಸುಟ್ಟರು ಎಂದು ನಾನು ಹೇಳುತ್ತಿಲ್ಲ. ಮದುವೆ ಚಪ್ಪರದಿಂದ ಪುರೋಹಿತ ಎದ್ದು ಹೋದ ಮೇಲೂ ಗದ್ದೆಯ ಬದುವಿನ ಮೇಲೆ ಜಾತಿ ನಿಂತೇ ಇತ್ತು ಎಂದು ಹೇಳುತ್ತಿದ್ದೇನೆ. ದೇವರನ್ನು ಕಳುಹಿಸುವುದು ಸುಲಭ, ಅವನು ಹಂಚಿಟ್ಟ ಜಮೀನನ್ನು ಹಿಂದಕ್ಕೆ ಕೇಳುವುದು ಕಷ್ಟ.

ಹಾಗಾದರೆ ಇದು ಯಾರಿಂದಲೂ ಆಗದ ಕೆಲಸವೇ? ಅಲ್ಲ. ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್, ಬ್ರಾಹ್ಮಣರಾಗಿ ಹುಟ್ಟಿದವರು. ನಾಸ್ತಿಕರೆಂಬ ಕಾರಣಕ್ಕೆ ಕಾಲೇಜಿನ ಕೆಲಸ ಕಳೆದುಕೊಂಡರು. 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಕಟ್ಟಿ, ಎಲ್ಲ ಜಾತಿಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸಿದರು. ಹಿರಿಯ ಮಗಳನ್ನು ದಲಿತ ಯುವಕನಿಗೆ ಕೊಡುವುದೆಂದು ಗೊತ್ತು ಮಾಡಿದರು. ದೇವರನ್ನು ಬಿಡದ ಗಾಂಧಿ ಆ ದೇವರಿಲ್ಲದ ಮದುವೆಯನ್ನು ಸೇವಾಗ್ರಾಮದಲ್ಲಿ ತಾವೇ ನಿಂತು ಮಾಡಿಸಲು ಒಪ್ಪಿದ್ದರು. ಅಷ್ಟರಲ್ಲಿ ಅವರ ಕೊಲೆಯಾಯಿತು. ಮದುವೆ 1948ರಲ್ಲಿ ಸೇವಾಗ್ರಾಮದಲ್ಲೇ ನಡೆಯಿತು. ನಮ್ಮವ್ವ ಹೋಗಿ ಹುಡುಗ ಯಾರ ಪೈಕಿ ಎಂದು ಕೇಳಿದ್ದರೆ ಗೋರಾ ತಲೆಯೆತ್ತಿ ಉತ್ತರ ಹೇಳುತ್ತಿದ್ದರು. ಅಂಥ ನಾಸ್ತಿಕತೆಯನ್ನು ಮತ ಎಂದು ಯಾರಾದರೂ ಕರೆದರೆ ಕರೆದುಕೊಳ್ಳಲಿ, ನಷ್ಟವಿಲ್ಲ.

ಇನ್ನು ನಮ್ಮ ಚಳವಳಿಯ ಒಳಗಿನ ಮಾತು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ತಡೆಯಲು 1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿಯವರೂ ವಿಚಾರವಾದಿಗಳೂ ಹೋದರು. ರೊಚ್ಚಿಗೆದ್ದ ಭಕ್ತರು ಕಾರ್ಯಕರ್ತರನ್ನು, ಪತ್ರಕರ್ತರನ್ನು, ಪೊಲೀಸರನ್ನೂ ಹಿಡಿದು ಬಡಿದರು, ಬಟ್ಟೆ ಕಿತ್ತರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ನಮ್ಮವರು ಅಲ್ಲಿಗೆ ಹೋದದ್ದು ದೇವಿ ಇದ್ದಾಳೋ ಇಲ್ಲವೋ ಎಂಬ ವಾದಕ್ಕಲ್ಲ, ನಮ್ಮ ಅಕ್ಕತಂಗಿಯರ ಮಾನಕ್ಕೆ. ಆ ಹೋರಾಟ ನ್ಯಾಯದ್ದು, ನಿಷೇಧವೂ ನ್ಯಾಯದ್ದು. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಹರಕೆ ಹೊತ್ತು ಬಂದವರಲ್ಲೂ ಬಹಳ ಮಂದಿ ನಮ್ಮ ಕೇರಿಯವರೇ. ಕಾಯಿಲೆಗೆ ಆಸ್ಪತ್ರೆ ಇಲ್ಲದೆ, ಕಷ್ಟಕ್ಕೆ ಕೋರ್ಟು ಇಲ್ಲದೆ ದೇವಿಯ ಹತ್ತಿರ ಬಂದವರು. ಅವರ ಕಣ್ಣಿಗೆ ಅಲ್ಲಿ ನಿಂತ ನಾವು ಅಣ್ಣತಮ್ಮಂದಿರಾಗಿ ಕಾಣಲಿಲ್ಲ, ಇನ್ನೊಂದು ಮತದ ಪ್ರಚಾರಕರಾಗಿ ಕಂಡೆವು. ಜಾತ್ರೆಯ ದಿನ ಅಡ್ಡ ನಿಲ್ಲಲು ಒಂದು ದಿನ ಸಾಕು. ಜಾತ್ರೆಯೇ ಬೇಡ ಎನ್ನಿಸಲು ವರ್ಷದ ಉಳಿದ ದಿನಗಳೂ ಬೇಕು.

ನಮ್ಮ ಕಾವ್ಯಕ್ಕೂ ಈ ಮಾತು ತಾಗುತ್ತದೆ. ಬೇರೆಯವರದು ಬೇಡ, ನನ್ನ ನೋಟ್‌ಬುಕ್ಕನ್ನೇ ತೆರೆಯುತ್ತೇನೆ. ದೇವರಿಲ್ಲ ಎಂದು ಸಾರುವ ಕವಿತೆಗಳು ಒಂಬತ್ತಿವೆ. ಒಂಬತ್ತರಲ್ಲೂ ದೇವರನ್ನು ಏಕವಚನದಲ್ಲಿ ಕೂಗಿ ಕರೆದಿದ್ದೇನೆ. ಇಲ್ಲದವನನ್ನು ಕರೆದು, ನೀನಿಲ್ಲ ಎಂದು ಅವನಿಗೇ ಹೇಳಿ, ಅವನಿಂದಲೇ ಉತ್ತರ ಕೇಳಿದ್ದೇನೆ. ಇದು ತಿರುಗಿಸಿ ಹೊಲಿದ ಅಂಗಿ, ಬಟ್ಟೆ ಅದೇ. ಒಂದು ಕವಿತೆಯಲ್ಲೂ ನಮ್ಮೂರ ಹೋಟೆಲಿನ ಬೇರೆ ಲೋಟ ಬಂದಿಲ್ಲ, ಅಪ್ಪ ಜೀತಕ್ಕಿದ್ದ ಮನೆಯ ಜಗಲಿ ಬಂದಿಲ್ಲ. ದೇವರನ್ನು ಬೈಯುವುದರಲ್ಲಿ ಧೈರ್ಯ ಖರ್ಚಾಗಿ ಗೌಡನ ಹೆಸರು ಹೇಳಲು ಉಳಿಯಲಿಲ್ಲ.

'ಹೊಲೆಮಾದಿಗರ ಹಾಡು' ಬರೆದ ಸಿದ್ಧಲಿಂಗಯ್ಯನವರು ಆಮೇಲೆ ಗ್ರಾಮದೇವತೆಗಳ ಮೇಲೆ ಸಂಶೋಧನೆಗೆ ಹೊರಟದ್ದನ್ನು ಹಿಂದಡಿ ಎಂದು ತಿಳಿದ ಗೆಳೆಯರಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಈಗ ಅನುಮಾನ ಬಂದಿದೆ. ನಮ್ಮೂರ ಮಾರಿಯನ್ನು ನಾನು ಹೊಗಳುತ್ತಿಲ್ಲ. ಅವಳ ತೇರು ನಮ್ಮ ಕೇರಿಗೆ ಬರುವುದಿಲ್ಲ, ಅದರ ಮುಂದೆ ಬಡಿಯುವ ತಮಟೆ ಮಾತ್ರ ನಮ್ಮದೇ ಆಗಬೇಕು. ಆದರೆ ಅವಳನ್ನು ಬೈಯಲು ಅವ್ವನಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮಳೆ ಹೋದರೆ ಗುಡಿ ಮುಂದೆ ನಿಂತು ಬೈಯುತ್ತಾಳೆ, ನಿನ್ನ ಕಣ್ಣು ಇಂಗೋಯ್ತಾ ಅನ್ನುತ್ತಾಳೆ. ನಾನು ಮೇಷ್ಟ್ರ ಮಗಳ ಮದುವೆಗೆ ಹೋದೆ. ಉಂಡೆ. ಕೈ ಮುಗಿದೆ. ನಾಲಿಗೆಯ ತುದಿಗೆ ಬಂದ ಒಂದು ಪ್ರಶ್ನೆಯನ್ನು ನುಂಗಿಕೊಂಡು ಬಸ್ಸು ಹತ್ತಿದೆ. ಮಾರಿಯನ್ನು ಬೈಯುವ ಅವ್ವ ಭಕ್ತಳೋ, ಮೇಷ್ಟ್ರ ಮುಂದೆ ಬಾಯಿ ಕಟ್ಟಿ ನಿಂತ ನಾನು ಭಕ್ತನೋ?

ದೇವರನ್ನು ಬಿಡುವ ಬೆಲೆಯೂ ಎಲ್ಲರಿಗೂ ಒಂದೇ ಅಲ್ಲ. ಮೇಷ್ಟ್ರು ದೇವರನ್ನು ಬಿಟ್ಟರೆ ಅವರ ಮನೆ, ತೋಟ, ನೆಂಟರು, ಹೆಸರಿನ ಬಾಲ ಎಲ್ಲವೂ ಇದ್ದಲ್ಲೇ ಇರುತ್ತವೆ. ನಾನು ಅರ್ಜಿಯ ಧರ್ಮದ ಕಾಲಮ್ಮಿನಲ್ಲಿ 'ಇಲ್ಲ' ಎಂದು ಬರೆಯಲು ಹೋದರೆ ಕೈ ತಡೆಯುತ್ತದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂ ಅಲ್ಲದ ಧರ್ಮದವರನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ದೇವರೇ ಇಲ್ಲ ಎನ್ನುವವನ ಸರ್ಟಿಫಿಕೇಟನ್ನು ಯಾವ ಗುಮಾಸ್ತ ಹೇಗೆ ಓದುತ್ತಾನೋ ಎಂಬ ಭಯದಲ್ಲಿ ನಾನು ಇವತ್ತಿಗೂ ಹಿಂದೂ ಎಂದೇ ತುಂಬುತ್ತೇನೆ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಜನರಿಂದ ಮಾಡಿಸಿದ 22 ಪ್ರತಿಜ್ಞೆಗಳು ಹಳೆಯ ದೇವರುಗಳನ್ನು ಕೈಬಿಡುವುದರಿಂದಲೇ ಶುರುವಾಗುತ್ತವೆ. ಆದರೆ ಬರಿಗೈಯಲ್ಲಿ ಯಾರನ್ನೂ ಮನೆಗೆ ಕಳಿಸಲಿಲ್ಲ. ಬಡವನಿಗೆ ಧರ್ಮ ಬೇಕು ಎಂದು ಮರುದಿನದ ಭಾಷಣದಲ್ಲಿ ಹೇಳಿದರು. ಕೈಗೆ ಕೊಟ್ಟದ್ದು ದೇವರನ್ನಲ್ಲ, ಒಬ್ಬರ ಪಕ್ಕ ಒಬ್ಬರು ಕೂರುವ ನೀತಿಯನ್ನು. ಅದನ್ನು ಮತ ಅನ್ನಿ, ಮತವಲ್ಲ ಅನ್ನಿ, ಆ ನೀತಿ ಇಲ್ಲದ ನಾಸ್ತಿಕತೆ ನಮಗೆ ಬೇಡ.

ಹಿಂದಿನ ಸಾಲಿನವರಿಗೆ ನನ್ನ ಉತ್ತರ ಇದು. ದೇವರನ್ನು ಬಿಟ್ಟು ಜಾತಿಯನ್ನು ಇಟ್ಟುಕೊಂಡ ನಾಸ್ತಿಕತೆ ಮತವೇ ಹೌದು, ಹೊಸದೂ ಅಲ್ಲ, ಅದೇ ಹಳೆಯ ಮತ. ಜಾತಿಯನ್ನು ಬಿಡಲು ಹೊರಟ ನಾಸ್ತಿಕತೆ ಮತವಲ್ಲ.

ಇಷ್ಟು ಬರೆದು ಊರಿಗೆ ಹೋದೆ. ಅವ್ವ ನನಗೆ ಹೆಣ್ಣು ನೋಡುತ್ತಿದ್ದಾಳೆ. ಯಾರ ಪೈಕಿ ಎಂದು ಕೇಳಿದೆ. 'ನಮ್ಮ ಪೈಕಿನೇ' ಅಂದಳು, ಅಂದು ಸುಮ್ಮನಾದಳು. ಹೊಲೆಯರು ಮಾದಿಗರಲ್ಲಿ ಹೆಣ್ಣು ತರುವುದಿಲ್ಲ, ಮಾದಿಗರು ಹೊಲೆಯರಲ್ಲಿ ತರುವುದಿಲ್ಲ. ಒಂದೇ ಪಟದ ಕೆಳಗೆ ಹಾಡುವ ನಮ್ಮ ಸಂಘಟನೆಯ ಗೆಳೆಯರಲ್ಲಿ ಎಷ್ಟು ಮದುವೆಗಳು ಆ ಗೆರೆ ದಾಟಿವೆ? ಬೆರಳು ಮಡಿಸಿ ಲೆಕ್ಕ ಹಾಕಿ ನೋಡೋಣ.

ಅಚ್ಚಾದ ಮೇಲೆ ಈ ಸಂಚಿಕೆಯ ಒಂದು ಪ್ರತಿಯನ್ನು ಮೇಷ್ಟ್ರಿಗೆ ಕಳಿಸುತ್ತೇನೆ. ಪ್ರಶ್ನೆ ಕೇಳುವುದನ್ನು ಕಲಿಸಿದವರು ಅವರೇ. ಉತ್ತರ ಬರೆದರೆ ಇದೇ ಪತ್ರಿಕೆಯಲ್ಲಿ ಅಚ್ಚಾಗಲಿ. ಅವ್ವನಿಗೆ ಇದನ್ನು ನಾನೇ ಓದಿ ಹೇಳುತ್ತೇನೆ. ಅವಳಿಗೂ ನಾನೊಂದು ಉತ್ತರ ಕೊಡಬೇಕಾಗಿದೆ.